ಹೆಸರಿನ್ನೂ ಇಟ್ಟಿಲ್ಲ

ಬೇಕರಿಯಲ್ಲಿ ಕೇಕಿನ ಮೇಲೆ ಅಕ್ಷರ ಬರೆಯುವವಳನ್ನು ಎಲ್ಲರೂ ಒತ್ತಕ್ಕ ಎಂದೇ ಕರೆಯುವುದು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಒಂದಿದೆ, ಆದರೆ ಆ ಹೆಸರು ಹಿಡಿದು ಕೂಗಿದರೆ ಅವಳೇ ಒಮ್ಮೊಮ್ಮೆ ತಿರುಗಿ ನೋಡುವುದಿಲ್ಲ. ಅವಳು ಬರುವ ಮುಂಚೆ ಕೇಕಿನ ಮೇಲೆ ಬರೆಯುತ್ತಿದ್ದವರು ಬೇಕರಿಯ ಯಜಮಾನರು. ಹಿಟ್ಟು ನಾದುವುದರಲ್ಲಿ, ಒಲೆಯ ಹದ ನೋಡುವುದರಲ್ಲಿ ಅವರದು ಎತ್ತಿದ ಕೈ. ಅಕ್ಷರದ ಕೆಳಗೆ ಒತ್ತು ಕೊಡುವುದು ಮಾತ್ರ ಅವರ ಜಾಯಮಾನದಲ್ಲೇ ಇರಲಿಲ್ಲ. ‘ಹುಟುಹಬದ ಶುಭಾಶಯ’ ಎಂದು ಬರೆದ ಕೇಕುಗಳನ್ನು ಊರೆಲ್ಲ ತಿಂದು ಅರಗಿಸಿಕೊಂಡಿತ್ತು. ಯಾರಾದರೂ ಆಕ್ಷೇಪಿಸಿದರೆ, “ಹೊಟ್ಟೆಗೆ ಹೋದ್ಮೇಲೆ ಒತ್ತು ಯಾರಿಗೆ ಕಾಣ್ಸುತ್ತೆ? ಸುಮ್ನೆ ಕ್ರೀಮು ದಂಡ” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಇವಳು ಕೆಲಸಕ್ಕೆ ಸೇರಿದ ದಿನವೇ ಪೆಟ್ಟಿಗೆ ಸೇರಲಿದ್ದ ಒಂದು ಕೇಕನ್ನು ತಡೆದು, ಕ್ರೀಮು ತುಂಬಿದ ಕಾಗದದ ಕೋನು ಹಿಡಿದು, ಇರಬೇಕಾದ ಕಡೆಯಲ್ಲೆಲ್ಲ ಒತ್ತುಗಳನ್ನು ಚಕಚಕನೆ ಇಳಿಸಿಬಿಟ್ಟಳು. ಯಜಮಾನರು ಕನ್ನಡಕ ಹಣೆಗೇರಿಸಿ ನೋಡಿ, “ಅಲೆಲೆ, ಒತ್ತಕ್ಕ ಬಂದ್ಳಪ್ಪ!” ಎಂದರು. ಹೆಸರು ಅಲ್ಲಿಂದಲೇ ಅಂಟಿಕೊಂಡಿತು.

ಕೇಕಿನ ಮೇಲೆ ಬರೆಯುವುದೆಂದರೆ ಕಾಗದದ ಮೇಲೆ ಗೀಚಿದಷ್ಟು ಸಲೀಸಲ್ಲ. ತಪ್ಪಿದರೆ ಅಳಿಸುವ ಹಾಗಿಲ್ಲ, ಕೆರೆದು ತೆಗೆದರೆ ಗಾಯದ ಗುರುತು ಉಳಿಯುತ್ತದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯದಂತೆ ಮೊದಲೇ ಜಾಗ ಬಿಟ್ಟುಕೊಳ್ಳಬೇಕು. ಹೆಸರು ಉದ್ದವಾದರೆ ಕೊನೆಯ ಅಕ್ಷರ ಅಂಚಿನಿಂದ ಜಾರಿ ತಟ್ಟೆಗೆ ಬೀಳುತ್ತದೆ. ಅವಳು ಎಡಗೈಯಲ್ಲಿ ತಿರುಗು ಮಣೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಬಲಗೈಯಲ್ಲಿ ಕೋನು ಹಿಂಡುತ್ತ, ಒಂದು ಹೆಸರು ಮುಗಿಯುವವರೆಗೆ ಉಸಿರು ಬಿಡುತ್ತಿರಲಿಲ್ಲ. ಫೋನಿನಲ್ಲಿ ಬಂದ ಆರ್ಡರುಗಳನ್ನು ಗೋಡೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಪದ್ಧತಿಯನ್ನೂ ಅವಳೇ ತಂದಳು. ಹಲಗೆಯ ಮೇಲೆ ಏನಿದೆಯೋ ಅದೇ ಕೇಕಿನ ಮೇಲೆ, ಸ್ವಂತ ಬುದ್ಧಿ ಓಡಿಸುವಂತಿಲ್ಲ ಎಂದು ಯಜಮಾನರಿಗೇ ತಾಕೀತು ಮಾಡಿದ್ದಳು. ಈ ತಾಕೀತೇ ಮುಂದೆ ಎಲ್ಲಕ್ಕೂ ಮೂಲವಾಯಿತು.

ಒತ್ತಕ್ಕನ ಗಂಡ ಲಿಫ್ಟ್ ರಿಪೇರಿ ಮಾಡುವವನು. “ನಮ್ಮ ಕಸುಬಲ್ಲಿ ಏಳುಬೀಳು ಇದ್ದಿದ್ದೇ” ಎನ್ನುವುದು ಅವನ ಒಂದೇ ಒಂದು ಜೋಕು. ಹೊಸಬರು ಸಿಕ್ಕಿದಾಗಲೆಲ್ಲ ಅದನ್ನು ಹೇಳಿ ಅವರು ನಗುವವರೆಗೆ ಕಾಯುತ್ತಾನೆ. ಅವಳ ಜೀವದ ಗೆಳತಿ ಎರಡು ಬೀದಿ ಆಚೆ ಇರುವ ಗಿಣಿ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಂತಿದೆಯೆಂದು ಇಡೀ ದಿನ ಮೈಕಿನಲ್ಲಿ ಕೂಗಿ, ಸಾಲದೆಂಬಂತೆ ಮನೆಗೆ ಬಂದು ಮಾತಾಡುವವಳು. ಅವಳ ಹೊಟ್ಟೆಯಲ್ಲಿ ಗುಟ್ಟು ನಿಂತದ್ದನ್ನು ಕಂಡವರಿಲ್ಲ.

ಹೋದ ವರ್ಷ ಒತ್ತಕ್ಕನಿಗೆ ತಿಂಗಳು ನಿಂತಿತು. ಸ್ವಲ್ಪ ಸಮಯದಲ್ಲೇ ಗಿಣಿಗೆ. ಅದರ ಹಿಂದೆಯೇ ಇಬ್ಬರಿಗೂ ಪರಿಚಯದ ಬ್ಯೂಟಿ ಪಾರ್ಲರಿನವಳಿಗೆ. “ನಿಮ್ಮ ಕಡೆ ನೀರಿನ ಟ್ಯಾಂಕಿಗೆ ಯಾರು ಏನು ಬೆರೆಸಿದ್ರು?” ಎಂದು ಯಜಮಾನರು ಹಾಸ್ಯ ಮಾಡುತ್ತಿದ್ದರು. ಮೂವರೂ ಸಂಜೆ ಒಟ್ಟಿಗೆ ಹೊರಟರೆ ಕಾಲುದಾರಿಯಲ್ಲಿ ಎದುರು ಬಂದವರು ಕೆಳಗಿಳಿದು ದಾರಿ ಬಿಡಬೇಕಿತ್ತು. ಹೆಸರಿನ ಚರ್ಚೆ ಆಗಲೇ ಶುರುವಾಗಿತ್ತು. ಒತ್ತಕ್ಕ ಮತ್ತು ಅವಳ ಗಂಡ ಮೂರಕ್ಷರದ ಒಂದು ಹೆಸರನ್ನು ಗೊತ್ತುಮಾಡಿಕೊಂಡಿದ್ದರು, ನಡುವಿನ ಅಕ್ಷರಕ್ಕೆ ಚೆಂದದ ಒಂದು ಒತ್ತು. ಅದು ಮೊದಲು ಹೊಳೆದದ್ದು ತನಗೆ ಎಂದು ಅವನು, ಇಲ್ಲ ತನಗೆ ಎಂದು ಇವಳು, ದಿನಾ ಊಟದ ಹೊತ್ತಿಗೆ ಜಗಳ.

ಒತ್ತಕ್ಕನ ಮಗಳು ದಿನ ತುಂಬುವ ಮುಂಚೆ ಹುಟ್ಟಿದಳು. ಬೆಳಿಗ್ಗೆ ಬಂದವಳು ಸಂಜೆಗೆ ಹೋದಳು. ಅಷ್ಟೇ. ಆ ಹಗಲಿಡೀ ಒತ್ತಕ್ಕ ಮಗಳನ್ನು ನೋಡಿದ್ದಳು, ಎದೆಗೊತ್ತಿಕೊಂಡಿದ್ದಳು, ಕಿವಿ ಮೂಗು ಬೆರಳು ಎಲ್ಲವನ್ನೂ ಕಣ್ಣಿನಲ್ಲೇ ಬರೆದಿಟ್ಟುಕೊಂಡಿದ್ದಳು.

ಮನೆಗೆ ಬಂದ ಮೇಲೆ ಜನ ಬಂದರು, ಹೋದರು. “ಇನ್ನೂ ಚಿಕ್ಕ ವಯಸ್ಸು, ಇನ್ನೊಂದಾಗುತ್ತೆ ಬಿಡು” ಎಂದರು. ಮಗು ಏನು ಬಸ್ಸಿನಲ್ಲಿ ಮರೆತುಬಂದ ಛತ್ರಿಯೇ, ಇನ್ನೊಂದು ಕೊಂಡರಾಯಿತು ಅನ್ನುವುದಕ್ಕೆ? ಕೆಲವೇ ದಿನಗಳಲ್ಲಿ ಅದೂ ನಿಂತಿತು. ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು. ಗಂಡನೂ ಹಾಗೆಯೇ. ಅವನು ಎಣ್ಣೆಯ ಡಬ್ಬಿ ಹಿಡಿದು ಮನೆಯ ಒಂದೊಂದೇ ಬಾಗಿಲಿನ ತಿರುಗಣೆಗೆ ಎಣ್ಣೆ ಬಿಡುತ್ತ ಓಡಾಡಿದ. ಈಗ ಆ ಮನೆಯಲ್ಲಿ ಒಂದು ಕಿಟಕಿಯೂ ಕಿರುಗುಟ್ಟುವುದಿಲ್ಲ. ಆ ಮೂರಕ್ಷರದ ಹೆಸರನ್ನು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಒತ್ತಕ್ಕನಿಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಜನ ಕೇಳುವುದನ್ನು ತನ್ನನ್ನೂ ಒಬ್ಬರು ಒಂದೇ ಒಂದು ಸಲ ಕೇಳಲಿ ಎಂದಿತ್ತು: ಮಗು ಹೇಗಿತ್ತು, ಯಾರ ಹಾಗಿತ್ತು. ಅವಳೂ ತಾಯಿಯೇ ತಾನೇ? ಕೊಚ್ಚಿಕೊಳ್ಳಲು ಅವಳ ಬಳಿಯೂ ಒಂದು ಹಗಲಿನಷ್ಟು ಸಂಗತಿಗಳಿದ್ದವು. ಕೇಳುವವರು ದಿಕ್ಕಿರಲಿಲ್ಲ.

ಅದರ ಬದಲು ಇಡೀ ಊರು ಅವಳಿಂದ ಮಕ್ಕಳನ್ನು ಬಚ್ಚಿಡುವ ಆಟಕ್ಕೆ ಬಿತ್ತು. ಪಾರ್ಲರಿನವಳು ಎದ್ದು ಕಾಣುವ ಹೊಟ್ಟೆಯನ್ನು ತರಕಾರಿ ಚೀಲದಿಂದ ಮುಚ್ಚಿಕೊಂಡು, “ಸ್ವಲ್ಪ ದಪ್ಪ ಆಗ್ಬಿಟ್ಟಿದೀನಿ ಕಣೇ” ಎಂದಳು. ಎದುರುಮನೆಯವರು ಒಣಹಾಕಿದ್ದ ಪುಟ್ಟ ಅಂಗಿಗಳನ್ನು ಇವಳನ್ನು ಕಂಡೊಡನೆ ಹಗ್ಗದಿಂದ ಎಳೆದುಕೊಂಡು ಒಳಗೋಡುತ್ತಿದ್ದರು. ಬೇಕರಿಯಲ್ಲಂತೂ ಯಜಮಾನರು ಮಗು ಹುಟ್ಟಿದ ಸಂತೋಷದ ಕೇಕುಗಳನ್ನೆಲ್ಲ ತಾವೇ ಹಿಂದಿನ ಕೋಣೆಗೆ ಒಯ್ದು, ಪರದೆ ಎಳೆದು, ಕಳ್ಳನೋಟು ಅಚ್ಚು ಹಾಕುವವರ ಗತ್ತಿನಲ್ಲಿ ಬರೆಯತೊಡಗಿದರು. ಊರಿನ ಎಳೆಗೂಸುಗಳಿಗೆ ಮತ್ತೆ ‘ಪುಟ ಕಂದ’, ‘ಮುದು ಮಗು’ ಎಂಬ ಕೇಕುಗಳು ಹೋಗತೊಡಗಿದವು. ಹುಟ್ಟಿ ವಾರವಾಗದ ಕೂಸನ್ನು ಮುದಿ ಮಾಡಿದರೆಂದು ಯಾರೋ ಜಗಳಕ್ಕೂ ಬಂದು ಹೋದರು. ಎಲ್ಲರ ಒಳ್ಳೆಯ ಮನಸ್ಸು ಒತ್ತಕ್ಕನಿಗೆ ಅರ್ಥವಾಗುತ್ತಿತ್ತು. ಅರ್ಥವಾದಷ್ಟೂ ಉರಿಯುತ್ತಿತ್ತು. ಗಿಣಿ ಮಾತ್ರ ಹಾಗೆ ಮಾಡುವುದಿಲ್ಲ, ಅವಳಿಗೆ ಬಾಯಿ ಮುಚ್ಚಲು ಬರುವುದೇ ಇಲ್ಲವಲ್ಲ ಎಂಬುದೊಂದೇ ಅವಳ ಧೈರ್ಯ. ಆದರೆ ಗಿಣಿಯೂ ರಜೆ ಹಾಕಿ ಮನೆ ಸೇರಿದವಳು ಫೋನು ಮಾಡುವುದನ್ನೇ ನಿಲ್ಲಿಸಿದ್ದಳು.

ಹಾಗಿರುವಾಗ ಒಂದು ದಿನ ಬೇಕರಿಯ ಫೋನು ಬಡಿದುಕೊಂಡಿತು. ಯಜಮಾನರು ಒಲೆಯ ಮುಂದೆ ತಟ್ಟೆಗಳನ್ನು ಎಳೆಯುತ್ತಿದ್ದರು. ಒತ್ತಕ್ಕನೇ ಎತ್ತಿಕೊಂಡಳು.

“ಬೇಕರೀನಾ? ಒಂದು ಕೇಕ್ ಬೇಕಿತ್ತು, ಆಯ್ತಾ. ಸಾಯಂಕಾಲಕ್ಕೆ. ಸ್ವಲ್ಪ ದೊಡ್ಡದೇ ಇರ್ಲಿ, ಆಯ್ತಾ.”

ಮಾತಿಗೊಂದು ಆಯ್ತಾ ಹಾಕುವ ಮನುಷ್ಯ ಊರಿನಲ್ಲಿ ಒಬ್ಬನೇ, ಗಿಣಿಯ ಗಂಡ. ಒತ್ತಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಹಿಂದೆ ಹಿಟ್ಟು ಕಲೆಸುವ ಯಂತ್ರ ಗಡಗಡ ಎನ್ನುತ್ತಿದ್ದುದರಿಂದ ಅವನಿಗೆ ಇವಳ ದನಿಯ ಗುರುತು ಹತ್ತಲಿಲ್ಲ.

“ಕೇಕ್ ಮೇಲೆ ಏನು ಬರೀಬೇಕು?” ರೂಢಿಯ ಮಾತು ತಾನಾಗಿ ಬಂತು.

“ಏನು ಬರೀತೀರ, ಪಾಪುಗೆ ಹೆಸರಿನ್ನೂ ಇಟ್ಟಿಲ್ಲ. ನೀವೇ ಏನಾದ್ರೂ ನೋಡಿ ಬರೀರಿ, ಆಯ್ತಾ? ಆಮೇಲೆ ಇನ್ನೊಂದು ವಿಷ್ಯ. ನಿಮ್ಮಲ್ಲಿ ಒತ್ತಕ್ಕ ಅಂತ ಇದಾರಲ್ಲ, ಅವರ ಕೈಗೆ ಮಾತ್ರ ಕೊಡ್ಬೇಡಿ. ಅವರಿಗೆ ಗೊತ್ತಾಗೋದು ಬೇಡ, ಆಯ್ತಾ?”

“ಆಯ್ತು” ಎಂದಳು ಒತ್ತಕ್ಕ.

ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತಳು. ದೊಡ್ಡ ಕೇಕು, ಸಾಯಂಕಾಲ. ಏನು ಬರೆಯಬೇಕು ಎಂಬ ಕಡೆ, ಆಮೇಲೆ ಯೋಚಿಸಿದರಾಯಿತೆಂದು, ನೆನಪಿಗೆ ‘ಹೆಸರಿನ್ನೂ ಇಟ್ಟಿಲ್ಲ’ ಎಂದು ಗೀಚಿದಳು. ಆಗಲೂ ಒತ್ತು ಒಂದೂ ತಪ್ಪಲಿಲ್ಲ. ನೇರ ಉಗ್ರಾಣಕ್ಕೆ ಹೋಗಿ ಮೈದಾ ಮೂಟೆಯ ಮೇಲೆ ಕೂತಳು. ಗಿಣಿಗೆ ಮಗುವಾಗಿದೆ. ಊರ ಬಸ್ಸನ್ನೆಲ್ಲ ಕೂಗಿ ಹೇಳುವವಳು ತನ್ನೊಬ್ಬಳಿಗೆ ಹೇಳಿಲ್ಲ. ದುಃಖಕ್ಕಿಂತ ಸಿಟ್ಟೇ ಜಾಸ್ತಿ ಬಂತು. ತಾನೇನು ಮಗುವನ್ನು ಕಣ್ಣಿಂದ ನೋಡಿದರೆ ಸುಟ್ಟುಬಿಡುವ ಮಾರಿಯೇ? ಸಾಕಷ್ಟು ಅತ್ತು, ಮುಖ ತೊಳೆದುಕೊಂಡು, ಒಂದು ದೊಡ್ಡ ಕಾರ್ಖಾನೆಯ ಆರ್ಡರಿಗೆ ಬಿಸ್ಕತ್ತು ಜೋಡಿಸಲು ಕೂತು ಮಿಕ್ಕ ಹೊತ್ತು ಕಳೆದಳು.

ಸಂಜೆ ಉಗ್ರಾಣದಿಂದ ಅಂಗಡಿಗೆ ಬಂದಾಗ ಯಜಮಾನರು ಕೈ ಒರೆಸಿಕೊಳ್ಳುತ್ತ ತಮ್ಮಷ್ಟಕ್ಕೆ ಗೊಣಗುತ್ತಿದ್ದರು. “ಈಗಿನವರ ಫ್ಯಾಷನ್ನೇ ಒಂದೂ ಅರ್ಥ ಆಗಲ್ಲಪ್ಪ. ಏನೇನೆಲ್ಲ ಬರೆಸ್ತಾರೆ!”

“ಯಾರು, ಏನು ಬರೆಸಿದ್ರು?”

“ಹಲಗೆ ಮೇಲೆ ನೀನೇ ಬರೆದಿದ್ಯಲ್ಲಮ್ಮ, ಹೆಸರಿನ್ನೂ ಇಟ್ಟಿಲ್ಲ ಅಂತ. ಸ್ವಂತ ಬುದ್ಧಿ ಓಡಿಸ್ಬಾರ್ದು ಅಂತ ನೀನೇ ಅಂದಿದ್ಯಲ್ಲ, ಓಡಿಸ್ಲಿಲ್ಲ. ಇದ್ದ ಹಾಗೇ ಬರೆದೆ. ಆತ ಈಗಷ್ಟೇ ತಗೊಂಡು ಹೋದ.” ಇಷ್ಟು ಹೇಳಿದ ಮೇಲೆ ಮಗುವಿನ ಮಾತನ್ನು ತಾವು ಯಾರ ಮುಂದೆ ಎತ್ತಿದೆವೆಂದು ಹೊಳೆದು ನಾಲಗೆ ಕಚ್ಚಿಕೊಂಡರು.

ಒತ್ತಕ್ಕ ಹಲಗೆಯ ಕಡೆ ಬೊಟ್ಟು ಮಾಡಿದಳು. “ಒತ್ತು?” ಎಂದಳು.

ಯಜಮಾನರು ತಲೆ ಕೆರೆದುಕೊಂಡರು.

‘ಹೆಸರಿನೂ ಇಟಿಲ.’ ಒತ್ತಕ್ಕನಿಗೆ ಅದು ಕಣ್ಣೆದುರು ಬಂತು, ದೊಡ್ಡ ಕೇಕಿನ ನಟ್ಟನಡುವೆ, ಗುಲಾಬಿ ಕ್ರೀಮಿನಲ್ಲಿ. ನಗು ಎಲ್ಲಿ ಅಡಗಿತ್ತೋ, ಒಮ್ಮೆಲೇ ಕಿತ್ತುಕೊಂಡು ಬಂತು. ಕಟ್ಟೆ ಹಿಡಿದು ಬಗ್ಗಿ ನಕ್ಕಳು, ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಳು, ನಗುತ್ತ ನಗುತ್ತ ಅತ್ತಳು. ಯಜಮಾನರಿಗೆ ಕೈಕಾಲೇ ಆಡಲಿಲ್ಲ. ಒಂದು ಲೋಟ ನೀರು ತಂದು ಗಾಬರಿಯಲ್ಲಿ ತಾವೇ ಕುಡಿದರು.

“ನಿಂಗೆ ನೋವಾಗ್ಬಾರ್ದು ಅಂತ ಕಣಮ್ಮ ನಾನು ಬರೀತಿದ್ದಿದ್ದು.”

“ನಂಗೆ ನೋವು ಮಗು ಹೋಗಿದ್ದಕ್ಕೆ ಯಜಮಾನ್ರೇ, ಕೇಕಿಗಲ್ಲ. ಊರಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಒತ್ತಿಲ್ಲದ ಕೇಕು ತಿನ್ನಿಸ್ತಿದೀರಲ್ಲ, ಅದಕ್ಕೂ ಒಂಚೂರು” ಎಂದು ಕಣ್ಣೊರೆಸಿಕೊಂಡಳು. ಗುಲಾಬಿ ಕ್ರೀಮಿನ ಕೋನನ್ನು ಕೈಗೆತ್ತಿಕೊಂಡು, ಏಪ್ರನ್ನನ್ನೂ ಬಿಚ್ಚದೆ ನಿಂತ ಕಾಲಲ್ಲೇ ಹೊರಟಳು.

ಒತ್ತು ಸರಿಪಡಿಸುವುದು ಬರೀ ನೆಪ. ಅದು ಅವಳಿಗೂ ಗೊತ್ತು. ಗಿಣಿಯನ್ನು ಬೈಯಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ಮಗುವನ್ನು ನೋಡಬೇಕಿತ್ತು. ನೋಡಿದರೆ ತಡೆಯಲಾಗದೆ ಎಲ್ಲರೆದುರು ಕುಸಿದುಬಿಟ್ಟರೆ ಏನು ಗತಿ ಎಂದು ಬೀದಿಯ ತಿರುವಿನಲ್ಲಿ ಒಮ್ಮೆ ಕಾಲು ಹಿಂದೆಗೆಯಿತು. ಅಷ್ಟರಲ್ಲಿ ಸಂಜೆಯ ಇಳಿಬಿಸಿಲಿಗೆ ಕ್ರೀಮು ಕೋನಿನಿಂದ ತೊಟ್ಟಿಕ್ಕತೊಡಗಿದ್ದರಿಂದ ಯೋಚಿಸಲು ಪುರಸೊತ್ತಾಗಲಿಲ್ಲ.

ಬಾಗಿಲು ತೆರೆದವನು ಗಿಣಿಯ ಗಂಡ. ಇವಳನ್ನು ಕಂಡು ತಬ್ಬಿಬ್ಬಾಗಿ, ಎರಡೂ ಕೈಗಳಿಂದ ಬಾಗಿಲಿನ ಚೌಕಟ್ಟು ಹಿಡಿದು ನಿಂತ.

“ಅಕ್ಕಾ! ಏನಕ್ಕಾ ಈ ಕಡೆ? ಮನೇಲಿ ಯಾರೂ ಇಲ್ಲ, ಆಯ್ತಾ.”

ಒಳಗಿನಿಂದ ಮಗು ಕಿರ್ರೋ ಎಂದು ಅತ್ತಿತು.

“ಅದು ಬೆಕ್ಕು” ಎಂದ ಅವನು. “ಹೊಸದಾಗಿ ತಂದಿದೀವಿ, ಆಯ್ತಾ.”

“ಬೆಕ್ಕಿಗೆ ಹೆಸರಿಟ್ರಾ?” ಎಂದಳು ಒತ್ತಕ್ಕ.

ಅವನ ಮುಖ ಹುಳ್ಳಗಾಯಿತು, ಕೈ ತಾನಾಗಿ ಕೆಳಗಿಳಿಯಿತು. ಒತ್ತಕ್ಕ ಅವನ ತೋಳಿನಡಿಯಿಂದ ನುಸುಳಿ ಒಳಗೆ ಹೋದಳು. ನಡುಮನೆಯಲ್ಲಿ ನಾಲ್ಕಾರು ಜನ ನೆಂಟರು ಮೇಜಿನ ಸುತ್ತ ನಿಂತಿದ್ದರು. ಗಿಣಿಯ ಅತ್ತೆ ಕನ್ನಡಕ ಸಿಗದೆ ಕೇಕಿನ ಮೇಲೆ ಬಗ್ಗಿ ಕಣ್ಣು ಕಿರಿದು ಮಾಡಿ ಓದುತ್ತಿದ್ದರು. “ಹೆಸರೇನು... ಇಟಲಿ. ಅಲ್ಲಾ ಕಣೋ, ನಂಗೊಂದು ಮಾತು ಕೇಳ್ದೆ ಮಗೂಗೆ ಇಟಲಿ ಅಂತ ಹೆಸರಿಟ್ಬಿಟ್ರಾ? ನಾಳೆ ಎರಡನೇದು ಹುಟ್ಟಿದ್ರೆ ಜಪಾನ್ ಅಂತೀರಾ?”

“ಸ್ವಲ್ಪ ಜರುಗಿ ಅಮ್ಮಾ” ಎಂದು ಒತ್ತಕ್ಕ ಮೇಜಿನ ಮುಂದೆ ಬಂದಳು. ಏಪ್ರನ್ನಿಗೆ ಕೈ ಒರೆಸಿ, ಉಸಿರು ಬಿಗಿಹಿಡಿದು, ನೂ ಕೆಳಗೊಂದು, ಟಿ ಕೆಳಗೊಂದು, ಲ ಕೆಳಗೊಂದು ಒತ್ತು ಇಳಿಸಿದಳು. ಅತ್ತೆ ಮತ್ತೆ ಬಗ್ಗಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು. “ಹೆಸರಿನ್ನೂ ಇಟ್ಟಿಲ್ಲ.” ಎಲ್ಲರೂ ಕೇಕಿನ ಮೇಲೆ ಬಗ್ಗಿದರು. ಆಮೇಲೆ ಎದ್ದ ನಗುವಿಗೆ ಒಳಗಿದ್ದ ಮಗು ಅಳುವುದನ್ನೇ ನಿಲ್ಲಿಸಿತು.

“ಅವಳೇನೇ ಬಂದಿರೋದು?” ಕೋಣೆಯಿಂದ ಗಿಣಿಯ ದನಿ ಬಂತು. “ಒಳಗೆ ಬಾರೇ.”

ಗಿಣಿ ದಿಂಬಿಗೊರಗಿ ಕೂತಿದ್ದಳು, ಮಡಿಲಲ್ಲಿ ಮಗು. ಒತ್ತಕ್ಕ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಇನ್ನೂ ಸೋಜಿಗವೆಂದರೆ ಗಿಣಿಗೂ ಮಾತು ಹೊರಡಲಿಲ್ಲ. ಕಣ್ಣು ತುಂಬಿತು.

“ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಕಣೇ” ಎಂದಳು ಕೊನೆಗೆ. “ಎಷ್ಟು ಸಲ ಫೋನ್ ಎತ್ಕೊಂಡೆ, ಇಟ್ಟೆ. ನಿನ್ನ ಮುಂದೆ ನಗೋದು ಹೇಗೆ, ನಗದೆ ಇರೋದು ಹೇಗೆ?”

“ಕೊಡೇ ಇಲ್ಲಿ” ಎಂದಳು ಒತ್ತಕ್ಕ.

ಮಗುವನ್ನು ಎತ್ತಿಕೊಂಡಳು. ಬಿಸಿ ಬಿಸಿಯಾಗಿ, ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ತೋಳಿಗೆ ಹಳೆಯ ಹಗುರದ ನೆನಪು ಇತ್ತಲ್ಲ, ಅದು ಚುಚ್ಚಿತು. ಚೆನ್ನಾಗಿಯೇ ಚುಚ್ಚಿತು. ಆದರೆ ಅವಳು ಕುಸಿಯಲಿಲ್ಲ. ಮಗು ಅವಳ ಏಪ್ರನ್ನಿಗೆ ಮೆತ್ತಿದ್ದ ಕ್ರೀಮನ್ನು ಮೂಸಿ ಮೂಗು ಸೊಟ್ಟ ಮಾಡಿತು.

“ಮೂಗು ನಿನ್ನದೇ, ಗಿಣಿ ಮೂಗು. ಪಾಪ” ಎಂದಳು.

ಗಿಣಿ ಕಣ್ಣೊರೆಸಿಕೊಂಡು ನಕ್ಕಳು. ನಗು ಹಾಗೆಯೇ ನಿಂತಿತು. ಗೆಳತಿಯ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು. “ನಿನ್ನವಳು ಯಾರ ಥರ ಇದ್ಳೇ?”

ಬೀಗ ಕಳಚಿ ಬಿತ್ತು. “ಮೂಗು ನನ್ನದೇ” ಎಂದು ಶುರುಮಾಡಿದ ಒತ್ತಕ್ಕ ಆಮೇಲೆ ನಿಲ್ಲಿಸಲಿಲ್ಲ. “ಹುಬ್ಬು ಮಾತ್ರ ಇವರದು. ಲಿಫ್ಟು ಅರ್ಧದಲ್ಲಿ ನಿಂತ್ರೆ ಇವರು ಗಂಟಿಕ್ಕಿ ಮೇಲೆ ನೋಡ್ತಾರಲ್ಲ, ಥೇಟ್ ಹಾಗೇ ನೋಡ್ತಿದ್ಳು ಕಣೇ. ಬಲಗಿವಿ ತುದಿ ಒಂಚೂರು ಮಡಚಿತ್ತು. ಬೆರಳು ಅಂದ್ರೆ ಏನು ಬೆರಳು, ಇಷ್ಟುದ್ದ! ಕೋನು ಹಿಡಿಯೋಕೆ ಹೇಳಿ ಮಾಡಿಸಿದ ಹಾಗೆ. ನನ್ನ ಕಿರುಬೆರಳು ಹಿಡ್ಕೊಂಡ್ಳು, ಬಿಡು ಅಂದ್ರೂ ಬಿಡ್ಲಿಲ್ಲ.” ಗಿಣಿ ಬಾಯಿ ಹಾಕದೆ ಕೇಳಿದಳು. ಹುಟ್ಟಿದಾಗಿನಿಂದ ಗಿಣಿ ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೊಂದೇ ಸಲ ಇರಬೇಕು. ಬಾಗಿಲಲ್ಲಿ ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ಬಂದು ನಿಂತಿದ್ದರು.

“ಹೆಸರಿಟ್ಟಿದ್ಯಾ?” ಎಂದಳು ಗಿಣಿ.

“ಹೂಂ.” ಒತ್ತಕ್ಕ ಆ ಮೂರಕ್ಷರ ಹೇಳಿದಳು. ಅಷ್ಟು ದಿನದಿಂದ ಬಾಯಿಯೊಳಗೇ ಇದ್ದದ್ದು ಹೊರಗೆ ಬಂದಾಗ ಅವಳಿಗೇ ಹೊಸದಾಗಿ ಕೇಳಿಸಿತು.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬೇಕಾದವರು ಬೇಕರಿಗೆ ಹೋಗಿ ಅವಳನ್ನೇ ಕೇಳಿ. ಈಗ ಸಂತೋಷವಾಗಿ ಹೇಳುತ್ತಾಳೆ.

“ಎಷ್ಟು ಚೆಂದ ಇದೆ!” ಎಂದರು ಅತ್ತೆ. “ನಮ್ಮ ಪಾಪುಗೂ ಅದನ್ನೇ...”

“ಅದು ಬುಕ್ ಆಗಿದೆ ಅಮ್ಮಾ. ನೀವು ಬೇರೆ ಹುಡುಕಿ” ಎಂದಳು ಒತ್ತಕ್ಕ ಖಡಾಖಂಡಿತವಾಗಿ.

“ಹಾಗಾದ್ರೆ ಕೇಕ್ ಮೇಲೆ ಬರಿ” ಎಂದಳು ಗಿಣಿ. “ನನ್ನವಳಿಗೆ ಹೆಸರಿಲ್ಲ, ನಿನ್ನವಳಿಗಿದೆ. ಇವಳಿಗಿಂತ ಅವಳೇ ದೊಡ್ಡವಳು. ಬರಿ ಅಂದ್ರೆ ಬರಿ.”

ಕೇಕಿನ ಬಲಮೂಲೆಯಲ್ಲಿ ಜಾಗವಿತ್ತು. ಕೋನಿನಲ್ಲಿ ಉಳಿದಿದ್ದ ಕ್ರೀಮು ಮೂರಕ್ಷರಕ್ಕೂ ಒಂದು ಒತ್ತಿಗೂ ಸರಿಹೋಯಿತು. ಅತ್ತೆ ಆ ಮೂಲೆಯನ್ನು ಅಕ್ಷರಕ್ಕೆ ಚಾಕು ತಾಗದ ಹಾಗೆ ಕತ್ತರಿಸಿ, ಡಬ್ಬಿಯಲ್ಲಿಟ್ಟು, “ನಿನ್ನ ಗಂಡನಿಗೆ ತಗೊಂಡು ಹೋಗಮ್ಮ” ಎಂದು ಕೈಗೆ ಕೊಟ್ಟರು.

ಮನೆಯಲ್ಲಿ ಅವನು ಆಗಷ್ಟೇ ಕೆಲಸದಿಂದ ಬಂದು, ಎಣ್ಣೆಯ ಡಬ್ಬಿ ಹಿಡಿದು ಅಡುಗೆಮನೆಯ ಬಾಗಿಲಿನ ಕಡೆ ಹೊರಟಿದ್ದ. ಒತ್ತಕ್ಕ ಎಣ್ಣೆಯ ಡಬ್ಬಿ ಕಿತ್ತುಕೊಂಡು ಈ ಡಬ್ಬಿ ಕೊಟ್ಟಳು. ಅವನು ಮುಚ್ಚಳ ತೆಗೆದ. ನೋಡಿದ. ಹುಬ್ಬು ಗಂಟಿಕ್ಕಿತು. ಥೇಟ್ ಅದೇ ಹುಬ್ಬು.

“ಓದ್ರೀ” ಎಂದಳು.

ಅವನು ಮನಸ್ಸಿನಲ್ಲೇ ಓದಿಕೊಂಡ.

“ಜೋರಾಗಿ ಓದ್ರೀ. ಕ್ರೀಮಲ್ಲಿ ಬರೆದಿದೀನಿ, ಒತ್ತೂ ಸರಿಯಾಗಿದೆ.”

ಓದಿದ. ಪಕ್ಕದಲ್ಲಿದ್ದವಳಿಗಷ್ಟೇ ಕೇಳಿಸಿತು. ಇನ್ನೂ ಜೋರಾಗಿ ಎಂದಳು. ಲಿಫ್ಟಿನ ಹೊಂಡದ ಮೇಲಿನಿಂದ ತಳದಲ್ಲಿರುವವನಿಗೆ ಕೂಗಿ ಅಭ್ಯಾಸವಾದ ಗಂಟಲು ಅದು. ಎರಡನೆಯ ಸಲ ಅದು ತೆರೆದುಕೊಂಡಾಗ ಗೋಡೆಯೇ ಅದುರಿತು.

ಗೋಡೆಯಾಚೆಯಿಂದ ಪಕ್ಕದ ಮನೆಯ ಅಜ್ಜಿ ಕೂಗಿದರು. “ಯಾರನ್ನಪ್ಪಾ ಹಾಗೆ ಕರೀತಿದ್ಯಾ?”

“ನಮ್ಮ ಮಗಳ ಹೆಸರು ಅಜ್ಜಿ!” ಎಂದು ಒತ್ತಕ್ಕ ತಿರುಗಿ ಕೂಗಿದಳು.

ಅಜ್ಜಿ ಆ ಹೆಸರನ್ನು ತಾವೂ ಒಮ್ಮೆ ಹೇಳಿ ನೋಡಿದರು. ಆಮೇಲೆ, “ಚೆನ್ನಾಗಿದೆ ಕಣ್ರೇ. ಯಾರಿಟ್ಟಿದ್ದು?”

“ನಾನು” ಎಂದಳು ಇವಳು. “ನಾನು” ಎಂದ ಅವನು, ಅದೇ ಉಸಿರಿಗೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ನೀನೆಲ್ಲಿಟ್ಟೆ, ಅವತ್ತು ಊಟ ಮಾಡ್ತಾ ನಾನೇ ಅಲ್ವಾ ಹೇಳಿದ್ದು” ಎಂದು ಅವನು, “ಅನ್ನ ಬಡಿಸ್ತಾ ನಾನು ಹೇಳಿದ್ದನ್ನ ಕದ್ದು ನೀವು ಹೇಳಿದ್ರಿ” ಎಂದು ಇವಳು. ಅಜ್ಜಿ ಗೋಡೆಗೆ ಕಿವಿಯಿಟ್ಟು ಎರಡೂ ಕಡೆಯ ವಾದ ಕೇಳಿದರು. ಅದು ಇನ್ನೂ ಇತ್ಯರ್ಥವಾಗಿಲ್ಲ.